ವಾಡಿ, ಚರ್ಚ್‌ಗೇಟ್ ಮತ್ತು ರೈಲು ಬಾಡಿಗೆ: ಎಸಿಸಿ ಎಂಬ ಕಂಪನಿ ಬೆಳೆದ ಕಥೆ

ಮುಂಬೈ-ಪುಣೆಯಿಂದ ಬೆಂಗಳೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿಯೋರಿಗೆ, ಹೈದರಾಬಾದಿನಿಂದ ಮುಂಬೈ ಕಡೆಗೆ ಹುಸೇನ್‌ಸಾಗರ್ ಹತ್ತೋರಿಗೆ ವಾಡಿ ಜಂಕ್ಷನ್ ಹೊಸದಲ್ಲ. ಅಲ್ಲಿನ ದೊಡ್ಡ ಸಿಮೆಂಟ್ ಕಾರ್ಖಾನೆ ಎಸಿಸಿಯದು. ಹಳೇ ಪೂರ್ತಿ ಹೆಸರು ಅಸೋಸಿಯೇಟೆಡ್ ಸಿಮೆಂಟ್ ಕಂಪನೀಸ್. ಬಹುವಚನ ಗಮನಿಸಿ: ಕಂಪನಿ ಅಲ್ಲ, ಕಂಪನೀಸ್. ಇವತ್ತಿನ ಮಾತು ಶುರುವಾಗೋದು ಆ ಬಹುವಚನದಿಂದ.

ಒಬ್ಬರನ್ನೊಬ್ಬರು ಮುಗಿಸೋಕೆ ಹೊರಟಿದ್ದ ಹತ್ತು ಕಂಪನಿಗಳು 1936ರಲ್ಲಿ ಯಾಕೆ ಒಂದಾದವು? ಇದು ಮೊದಲ ಪ್ರಶ್ನೆ. ಎರಡನೇದು ನಮ್ಮ ಕಲಬುರಗಿ ಜಿಲ್ಲೆಯದ್ದು. ವಾಡಿಯಿಂದ ಸಿಕಂದರಾಬಾದ್ ಕಡೆ ಹೋಗೋ ಅದೇ ರೈಲು ದಾರಿಯಲ್ಲಿ, ಸೇಡಂ ದಾಟಿದ ಮೇಲೆ ಕುರಕುಂಟಾ ಅಂತ ಒಂದು ಊರಿದೆ. ಅಲ್ಲಿ ಕೇಂದ್ರ ಸರ್ಕಾರದ ಸಿಮೆಂಟ್ ಕಾರ್ಖಾನೆ ಇತ್ತು. ಅದೇ ಸುಣ್ಣದಕಲ್ಲು, ಅದೇ ರೈಲು. ವಾಡಿ ಬೆಳೀತು, ಕುರಕುಂಟಾ 1998ರಲ್ಲಿ ನಿಂತುಹೋಯ್ತು. ಯಾಕೆ? ಎರಡೂ ಪ್ರಶ್ನೆಗೆ ಉತ್ತರ ಬಹುಪಾಲು ಒಂದೇ ಕಡೆ ಸಿಗುತ್ತೆ ಅನ್ನೋದು ನನ್ನ ಅಭಿಪ್ರಾಯ. ಅದು ಸಾಗಣೆ ಖರ್ಚಿನ ಲೆಕ್ಕ.

ನಾವು ಬರೆಯೋ ಕೋಡ್ ಪುಣೆಯಿಂದ ಶಿಕಾಗೋಗೆ ಹೋಗೋಕೆ ಲಾರಿ ಬಾಡಿಗೆ ಇಲ್ಲ. ಹಾಗಾಗಿ ನಮಗೆ ದೂರ ಅನ್ನೋದು ಒಂದು ಖರ್ಚು ಅಂತ ಹೊಳೆಯೋದೇ ಕಷ್ಟ. ಸಿಮೆಂಟ್ ಇದರ ಪೂರ್ತಿ ಉಲ್ಟಾ. ತೂಕ ಜಾಸ್ತಿ, ಬೆಲೆ ಕಡಿಮೆ. ಸುಣ್ಣದಕಲ್ಲಿಗೆ ಸ್ವಲ್ಪ ಜೇಡಿಮಣ್ಣು ಸೇರಿಸಿ, ಪುಡಿ ಮಾಡಿ, ತಿರುಗುವ ಉದ್ದನೆಯ ಗೂಡಿನಲ್ಲಿ ಸುಮಾರು 1450 ಡಿಗ್ರಿ ಶಾಖದಲ್ಲಿ ಸುಟ್ಟರೆ ಕ್ಲಿಂಕರ್ ಅನ್ನೋ ಗಟ್ಟಿ ಉಂಡೆಗಳು ಸಿಗುತ್ತವೆ. ಅದಕ್ಕೆ ಸ್ವಲ್ಪ ಜಿಪ್ಸಂ ಹಾಕಿ ಅರೆದರೆ ಸಿಮೆಂಟ್. ಸುಡುವಾಗ ಶುದ್ಧ ಸುಣ್ಣದಕಲ್ಲಿನ ತೂಕದಲ್ಲಿ ನೂರಕ್ಕೆ 44ರಷ್ಟು ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತೆ. ಅಂದ್ರೆ 1 ಟನ್ ಕ್ಲಿಂಕರಿಗೆ ಸುಮಾರು ಒಂದೂವರೆ ಟನ್ ಕಲ್ಲು ಬೇಕು. ಗಾಳಿಗೆ ಹೋಗೋ ತೂಕಕ್ಕೆ ಯಾರಾದರೂ ರೈಲು ಬಾಡಿಗೆ ಕೊಡ್ತಾರಾ? ಅದಕ್ಕೇ ಕಾರ್ಖಾನೆ ಕಲ್ಲಿನ ಗಣಿ ಪಕ್ಕದಲ್ಲೇ ಇರಬೇಕು. ಕಲ್ಲಿದ್ದಲು ಅಲ್ಲಿಗೆ ಬರಬೇಕು, ಚೀಲಗಳು ಅಲ್ಲಿಂದ ಪೇಟೆಗೆ ಹೋಗಬೇಕು. ಇಷ್ಟು ತಲೆಯಲ್ಲಿಟ್ಕೊಂಡ್ರೆ ಮುಂದಿನ ನೂರು ವರ್ಷದ ಕಥೆ ಸಲೀಸಾಗಿ ಅರ್ಥ ಆಗುತ್ತೆ.

ಭಾರತದಲ್ಲಿ ಸಿಮೆಂಟ್ ಮಾಡೋ ಮೊದಲ ಪ್ರಯತ್ನ 1904ರಲ್ಲಿ ಮದ್ರಾಸಿನಲ್ಲಿ ನಡೀತು, ಕೈಗೂಡಲಿಲ್ಲ. ನಿಜವಾದ ಶುರು ಆಗಿದ್ದು 1914ರಲ್ಲಿ, ಗುಜರಾತಿನ ಪೋರಬಂದರಿನಲ್ಲಿ. ಇಂಡಿಯನ್ ಸಿಮೆಂಟ್ ಕಂಪನಿ ಅಂತ ಹೆಸರು. ಆ ವರ್ಷ ನಮ್ಮ ದೇಶದಲ್ಲಿ ತಯಾರಾದ ಸಿಮೆಂಟ್ ಸಾವಿರ ಟನ್ನಿಗೂ ಕಡಿಮೆ. ಹಡಗಿನಲ್ಲಿ ಹೊರಗಿಂದ ಬಂದದ್ದು ಒಂದೂವರೆ ಲಕ್ಷ ಟನ್ನಿಗೂ ಹೆಚ್ಚು. ಇದರ ಹಿಂದೆಯೇ ಮಧ್ಯಪ್ರಾಂತ್ಯದ ಕಟ್ನಿ, ಬೂಂದಿ ಸಂಸ್ಥಾನದ ಲಾಖೇರಿ ಬಂದವು. ಲಾಖೇರಿಯ ಕಾರ್ಖಾನೆಗೆ ಈಗ ನೂರು ವರ್ಷ ದಾಟಿದೆ.

ಇವರ ಅದೃಷ್ಟಕ್ಕೆ ಮೊದಲ ಮಹಾಯುದ್ಧ ಬಂತು. ಇಂಗ್ಲೆಂಡಿನಿಂದ ಹಡಗು ಬರೋದು ಕಡಿಮೆ ಆಯ್ತು, ಇಲ್ಲಿ ತಯಾರಾದದ್ದನ್ನು ಸರ್ಕಾರವೇ ಕೊಂಡುಕೊಳ್ತು. ಲಾಭ ನೋಡಿ ಬೊಂಬಾಯಿಯ ದುಡ್ಡಿದ್ದವರಿಗೆಲ್ಲ ಸಿಮೆಂಟ್ ಮೇಲೆ ಕಣ್ಣು ಬಿತ್ತು. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ದ್ವಾರಕಾ, ಜಬಲ್ಪುರ, ಕೈಮೂರ್, ಗ್ವಾಲಿಯರ್ ಹತ್ತಿರದ ಬಾನಮೋರ್, ಪಂಜಾಬಿನ ವಾಹ್ ಹೀಗೆ ಒಂದರ ಹಿಂದೆ ಒಂದು ಕಾರ್ಖಾನೆ ಎದ್ದವು. ಅದರಲ್ಲಿ ಒಂದು ನಮ್ಮ ಶಹಾಬಾದ್.

ಶಹಾಬಾದ್ ಬಗ್ಗೆ ಸ್ವಲ್ಪ ನಿಂತು ಮಾತಾಡಲೇಬೇಕು. ಮುಂಬೈ, ಹೈದರಾಬಾದ್, ಸೋಲಾಪುರದ ಹಳೇ ಮನೆಗಳಲ್ಲಿ ನೆಲಕ್ಕೆ ಹಾಸಿರೋ ಬೂದು ಬಣ್ಣದ ಚಪ್ಪಟೆ ಕಲ್ಲು ನೋಡಿರ್ತೀರಿ. ಮರಾಠಿಯವರು 'ಶಹಾಬಾದಿ ಫರಶೀ' ಅಂತಾರೆ, ನಮ್ಮ ಕಡೆ ಶಾಬಾದಿ ಕಲ್ಲು, ಫರಸಿ. ನಮ್ಮಜ್ಜಿ ಮನೆ ಪಡಸಾಲೆ ಪೂರ್ತಿ ಅದೇ. ಬೇಸಿಗೆಯಲ್ಲಿ ಮಧ್ಯಾಹ್ನ ಅದರ ಮೇಲೆ ಬರಿಮೈಯಲ್ಲಿ ಮಲಗಿದ್ರೆ ಏಸಿ ಏನೂ ಅಲ್ಲ. ಆ ಕಲ್ಲು ಸುಣ್ಣದಕಲ್ಲೇ. ಭೀಮಾ ನದಿ ಸೀಮೆಯ ನೆಲದಡಿಯಲ್ಲಿ ಪದರ ಪದರವಾಗಿ ಮಲಗಿರೋದು. ಹಾಸಿದರೆ ನೆಲ, ಸುಟ್ಟರೆ ಸಿಮೆಂಟ್.

ಆಗ ಶಹಾಬಾದ್ ನಿಜಾಮನ ರಾಜ್ಯದಲ್ಲಿತ್ತು. ಕಲ್ಲಿದ್ದರೆ ಸಾಲದು, ರೈಲೂ ಬೇಕಲ್ಲ. ಅದು ಮೊದಲೇ ಬಂದಿತ್ತು. ಬೊಂಬಾಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1871ರಲ್ಲಿ ರಾಯಚೂರು ಮುಟ್ಟಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ದಾರಿ ತೆರೆಯಿತು. ಕಲ್ಲಿದ್ದಲು ಅದೇ ರಾಜ್ಯದ ಸಿಂಗರೇಣಿಯಲ್ಲಿತ್ತು. ಕಲ್ಲು, ಕಲ್ಲಿದ್ದಲು, ಬೊಂಬಾಯಿ-ಮದ್ರಾಸು-ಹೈದರಾಬಾದು ಮೂರೂ ಕಡೆ ಹೋಗೋ ರೈಲು ಒಂದೇ ಜಾಗದಲ್ಲಿ ಸಿಕ್ಕರೆ ಯಾರು ಬಿಡ್ತಾರೆ? ಟಾಟಾದವರು 1920ರ ದಶಕದಲ್ಲಿ ಇಲ್ಲಿ ಶಹಾಬಾದ್ ಸಿಮೆಂಟ್ ಕಂಪನಿ ಕಟ್ಟಿದರು.

ಕಟ್ಟೋರೆಲ್ಲ ಕಟ್ಟಿದ ಮೇಲೆ ಶುರುವಾಯ್ತು ಹೊಡೆದಾಟ. ದೇಶಕ್ಕೆ ಬೇಕಾಗಿದ್ದಕ್ಕಿಂತ ಕಾರ್ಖಾನೆಗಳ ಶಕ್ತಿ ಬಹಳ ಜಾಸ್ತಿ ಆಗಿಹೋಗಿತ್ತು. 1924ರ ಹೊತ್ತಿಗೆ ಅವುಗಳಿಂದ ಹೊರಬರ್ತಿದ್ದದ್ದು ಪೂರ್ತಿ ಸಾಮರ್ಥ್ಯದ ಅರ್ಧಕ್ಕಿಂತ ಕಡಿಮೆ. ಗೂಡು ತಣ್ಣಗಾದರೆ ನಷ್ಟ, ಹಾಗಾಗಿ ಸಿಕ್ಕ ಬೆಲೆಗೆ ಮಾರು. ತಯಾರಿಕೆ ಖರ್ಚಿಗಿಂತ ಕಡಿಮೆ ಬೆಲೆಗೂ ಮಾರಿದರು. ಕೆಲವು ಕಂಪನಿಗಳು ದಿವಾಳಿ ಆದವು. ಇದರ ಜೊತೆಗೆ ಬೊಂಬಾಯಿ, ಕಲ್ಕತ್ತದಂಥ ದೊಡ್ಡ ಪೇಟೆಗಳು ಸಮುದ್ರದ ದಡದಲ್ಲಿ. ಕಾರ್ಖಾನೆಗಳಲ್ಲಿ ಹೆಚ್ಚಿನವು ಒಳನಾಡಿನಲ್ಲಿ, ಕಲ್ಲಿನ ಪಕ್ಕದಲ್ಲಿ. ಇಂಗ್ಲೆಂಡಿನ ಸಿಮೆಂಟ್ ಹಡಗಿನಲ್ಲಿ ಬಂದು ಬಂದರಿನಲ್ಲೇ ಇಳೀತಿತ್ತು. ನಮ್ಮ ಸಿಮೆಂಟ್ ರೈಲಿನಲ್ಲಿ ನೂರಾರು ಮೈಲಿ ಬರಬೇಕಿತ್ತು. ಕಟ್ನಿಯಿಂದ ಕಲ್ಕತ್ತಕ್ಕೆ ತರೋದಕ್ಕಿಂತ ಸಮುದ್ರ ದಾಟಿಸಿ ತರೋದೇ ಕಡಿಮೆ ಖರ್ಚು ಅನ್ನೋ ಪರಿಸ್ಥಿತಿ.

ಕಂಪನಿಗಳು ಸರ್ಕಾರದ ಬಾಗಿಲಿಗೆ ಹೋದವು. ಟ್ಯಾರಿಫ್ ಬೋರ್ಡ್ ವಿಚಾರಣೆ ನಡೆಸಿ, ಬಂದರು ಪೇಟೆಗಳಿಗೆ ಹೋಗೋ ಸ್ವದೇಶಿ ಸಿಮೆಂಟಿಗೆ ಸಹಾಯಧನ ಕೊಡಬಹುದು ಅಂತ ಹೇಳಿತು. ಸರ್ಕಾರ ಒಪ್ಪಲಿಲ್ಲ. ನಿಮ್ಮ ಬೆಲೆ ಬಿದ್ದಿರೋದು ವಿದೇಶಿ ಸಿಮೆಂಟಿನಿಂದಲ್ಲ, ನೀವು ನೀವೇ ಕಚ್ಚಾಡಿದ್ದರಿಂದ ಅನ್ನೋದು ಅದರ ತರ್ಕ. ವಸಾಹತು ಸರ್ಕಾರದ ಮಾತು ಅಂತ ತಳ್ಳಿಹಾಕೋ ಹಾಗಿಲ್ಲ, ಅದರಲ್ಲಿ ಸತ್ಯ ಇತ್ತು. ಕಂಪನಿಗಳಿಗೂ ಅದು ನಾಟಿತು.

ಆಮೇಲಿನ ಹತ್ತು ವರ್ಷ ಇವರು ಒಂದೊಂದೇ ಮೆಟ್ಟಿಲು ಹತ್ತಿದರು. 1925ರಲ್ಲಿ ತಯಾರಕರ ಸಂಘ ಆಯ್ತು, ಬೆಲೆ ಬಗ್ಗೆ ಮಾತಾಡ್ಕೊಳ್ಳೋಕೆ. 1927ರಲ್ಲಿ ಕಾಂಕ್ರೀಟ್ ಅಸೋಸಿಯೇಷನ್ ಆಫ್ ಇಂಡಿಯಾ ಬಂತು. ಇದು ನನಗೆ ತುಂಬಾ ಇಷ್ಟವಾದ ಭಾಗ. ಜನ ಸುಣ್ಣದ ಗಾರೆಯಲ್ಲಿ ಮನೆ ಕಟ್ತಿದ್ದ ಕಾಲ ಅದು. ಸಿಮೆಂಟ್ ಯಾಕೆ, ಕಾಂಕ್ರೀಟ್ ಹೇಗೆ ಅಂತ ಹೇಳಿಕೊಡೋಕೇ ಒಂದು ಸಂಸ್ಥೆ. ಎಂಜಿನಿಯರುಗಳಿಗೆ ಸಲಹೆ, ಪುಸ್ತಕ, ನಕ್ಷೆ ಎಲ್ಲ ಒದಗಿಸ್ತಿದ್ದರು. ಇವತ್ತು ಡೆವಲಪರ್ ಅಡ್ವೊಕೇಟ್ ಅಂತ ಹೆಸರಿಟ್ಟು ನಮ್ಮ ಕಂಪನಿಗಳು ಮಾಡ್ತಾವಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಇಂಡಿಯನ್ ಕಾಂಕ್ರೀಟ್ ಜರ್ನಲ್ ಅನ್ನೋ ಪತ್ರಿಕೆ ಆ ವರ್ಷವೇ ಶುರುವಾದದ್ದು. ಸಿವಿಲ್ ಓದಿದ ನಿಮ್ಮ ಸ್ನೇಹಿತರನ್ನ ಕೇಳಿ, ಲೈಬ್ರರಿಯಲ್ಲಿ ನೋಡಿರ್ತಾರೆ. ಮುಂದಿನ ದಶಕದಲ್ಲಿ ಮರೀನ್ ಡ್ರೈವ್ ಉದ್ದಕ್ಕೂ ಎದ್ದ ಆರ್ಟ್ ಡೆಕೋ ಮನೆಗಳು ಈ ಕಾಂಕ್ರೀಟ್ ಯುಗದ ಮಕ್ಕಳೇ.

1930ರಲ್ಲಿ ಸಿಮೆಂಟ್ ಮಾರ್ಕೆಟಿಂಗ್ ಕಂಪನಿ ಬಂತು. ಮಾರಾಟ ಎಲ್ಲರದ್ದೂ ಒಂದೇ ಕಡೆಯಿಂದ, ಪ್ರತಿ ಕಾರ್ಖಾನೆಗೂ ಇಷ್ಟು ಪಾಲು ಅಂತ ನಿಗದಿ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಪಾಲು ಅಂದಮೇಲೆ ಹಳೇ, ಹೆಚ್ಚು ಖರ್ಚಿನ ಕಾರ್ಖಾನೆಯೂ ತನ್ನ ಪಾಲು ಬಿಟ್ಟುಕೊಡೋಲ್ಲ. ಮಾಲೀಕರು ಬೇರೆ ಬೇರೆ ಇರೋವರೆಗೆ, ಈ ಊರಿಗೆ ನಿನ್ನದು ಬೇಡ, ಪಕ್ಕದವನ ಕಾರ್ಖಾನೆ ಹತ್ತಿರ ಇದೆ ಅಂತ ಹೇಳೋಕೆ ಯಾರಿಗೂ ಅಧಿಕಾರ ಇಲ್ಲ. ಒಬ್ಬರ ವ್ಯಾಗನ್ ಪೂರ್ವಕ್ಕೆ, ಇನ್ನೊಬ್ಬರ ವ್ಯಾಗನ್ ಪಶ್ಚಿಮಕ್ಕೆ, ಎರಡರಲ್ಲೂ ಅದೇ ಬೂದು ಪುಡಿ.

ಇದನ್ನ ಸರಿಯಾಗಿ ಕಂಡವರು ಎಫ್. ಇ. ದಿನ್‌ಶಾ. ಬೊಂಬಾಯಿಯ ಪಾರ್ಸಿ ವಕೀಲರು, ದೊಡ್ಡ ಹಣಕಾಸುದಾರರು. ಮಾರಾಟ ಒಂದು ಮಾಡಿದರೆ ಸಾಲದು, ಮಾಲೀಕತ್ವವೇ ಒಂದಾಗಬೇಕು ಅನ್ನೋದು ಅವರ ಹಟ. ಟಾಟಾ, ಖಟಾವ್, ಕಿಲಿಕ್ ನಿಕ್ಸನ್ ಮತ್ತು ದಿನ್‌ಶಾ ಅವರ ಸ್ವಂತ ಗುಂಪು ಸೇರಿ ನಾಲ್ಕು ಗುಂಪುಗಳ ಕೈಯಲ್ಲಿ ಆ ಹತ್ತು ಕಂಪನಿಗಳಿದ್ದವು. ಇವರನ್ನೆಲ್ಲ ಒಂದು ಮೇಜಿಗೆ ತರೋಕೆ ದಿನ್‌ಶಾ ವರ್ಷಗಟ್ಟಲೆ ಓಡಾಡಿದರು. 1936ರ ಜನವರಿಯಲ್ಲಿ ತೀರಿಕೊಂಡರು. ಆ ವರ್ಷದ ಆಗಸ್ಟಿನಲ್ಲಿ ಎಸಿಸಿ ಹುಟ್ಟಿತು. ಏಳು ತಿಂಗಳ ಅಂತರ. ಟಾಟಾ ಸನ್ಸ್‌ನ ಅಧ್ಯಕ್ಷರಾಗಿದ್ದ ಸರ್ ನೌರೋಜಿ ಸಕ್ಲಾತ್‌ವಾಲಾ ಇದರ ಮೊದಲ ಅಧ್ಯಕ್ಷರಾದರು. ಸೋನ್ ವ್ಯಾಲಿ ಕಂಪನಿ ಮಾತ್ರ ಹೊರಗೇ ಉಳಿಯಿತು.

ಎಸಿಸಿಯನ್ನ ಭಾರತದ ಮೊದಲ ದೊಡ್ಡ ವಿಲೀನಗಳಲ್ಲಿ ಒಂದು ಅಂತ ಬಿಸಿನೆಸ್ ಪುಸ್ತಕಗಳಲ್ಲಿ ಹೊಗಳ್ತಾರೆ. ಹೊಗಳಲಿ. ಆದರೆ ಇದು ದೇಶಪ್ರೇಮದ ಕಥೆ ಅಲ್ಲ ಅನ್ನೋದನ್ನೂ ಹೇಳಬೇಕು. ಪೈಪೋಟಿ ನಿಲ್ಲಿಸೋಕೆ ಮಾಡಿದ ಏರ್ಪಾಡು ಅದು. ಅದರಿಂದ ರೈಲು ಬಾಡಿಗೆ ಉಳಿದದ್ದೂ ನಿಜ, ಒಂದೇ ಮನೆಯ ಕೈಗೆ ದೇಶದ ಸಿಮೆಂಟ್ ಬೆಲೆ ಸಿಕ್ಕಿದ್ದೂ ನಿಜ. ಒಂದನ್ನ ಬಿಟ್ಟು ಇನ್ನೊಂದು ಸಿಗೋದು ಕಷ್ಟ, ಈ ವ್ಯಾಪಾರದ ಸ್ವಭಾವವೇ ಹಾಗೆ. ಇದನ್ನ ಮೊದಲು ಅರ್ಥ ಮಾಡಿಕೊಂಡವರು ದಾಲ್ಮಿಯಾ. 1930ರ ದಶಕದ ಕೊನೆಗೆ ಅವರು ದಾಲ್ಮಿಯಾನಗರ, ದಾದ್ರಿ, ಕರಾಚಿ, ತಮಿಳುನಾಡಿನ ದಾಲ್ಮಿಯಾಪುರಂ ಹೀಗೆ ದೇಶದ ಮೂಲೆಮೂಲೆಯಲ್ಲಿ ಕಾರ್ಖಾನೆ ಹಾಕಿ ಎಸಿಸಿ ಜೊತೆ ಬೆಲೆ ಯುದ್ಧಕ್ಕೆ ಇಳಿದರು. 1941ರಲ್ಲಿ ಎರಡೂ ಕಡೆಯವರು ರಾಜಿಯಾಗಿ ಮಾರಾಟ ಒಟ್ಟಿಗೆ ಮಾಡೋಣ ಅಂದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ; ಉತ್ಪಾದನೆಯ ಬಹುಪಾಲನ್ನ ಸರ್ಕಾರವೇ ಎತ್ತಿಕೊಳ್ಳೋಕೆ ಶುರುಮಾಡ್ತು, ಬೆಲೆಯನ್ನೂ ಅದೇ ಕಟ್ಟಿತು. ಕಂಪನಿಗಳ ಕೈಯಿಂದ ಬೆಲೆ ಜಾರಿದ್ದು ಆಗ. ಮತ್ತೆ ಪೂರ್ತಿ ಕೈಗೆ ಬರೋಕೆ 1989 ಬರಬೇಕಾಯ್ತು.

ದೇಶ ವಿಭಜನೆಯಲ್ಲಿ ವಾಹ್‌ನಂಥ ಕಾರ್ಖಾನೆಗಳು ಪಾಕಿಸ್ತಾನಕ್ಕೆ ಹೋದವು. ಅದೇ 1947ರಲ್ಲಿ ಬಿಹಾರದ ಚಾಯಿಬಾಸಾದಲ್ಲಿ, ಈಗಿನ ಝಾರ್ಖಂಡ್, ಪೂರ್ತಿ ದೇಶೀ ಯಂತ್ರಗಳಿಂದ ಮಾಡಿದ ಮೊದಲ ಸಿಮೆಂಟ್ ಕಾರ್ಖಾನೆಯನ್ನ ಎಸಿಸಿ ಕಟ್ಟಿತು. ಅಲ್ಲಿಯವರೆಗೆ ಯಂತ್ರ ಎಲ್ಲ ಹೊರಗಿಂದಲೇ ಬರ್ತಿತ್ತು. 1955ರಲ್ಲಿ ಸಿಂದ್ರಿಯಲ್ಲಿ ಇನ್ನೂ ಒಂದು ಜಾಣತನ: ಅಲ್ಲಿನ ಗೊಬ್ಬರ ಕಾರ್ಖಾನೆ ಹೊರಗೆ ಚೆಲ್ಲುತ್ತಿದ್ದ ಸುಣ್ಣದ ಕೆಸರನ್ನೇ ಕಚ್ಚಾವಸ್ತು ಮಾಡಿಕೊಂಡು ಸಿಮೆಂಟ್ ತೆಗೆದರು. ಭಾಕ್ರಾ ಅಣೆಕಟ್ಟಿಗೆ ಸಿಮೆಂಟ್ ಹೋಯ್ತು. 1965ರಲ್ಲಿ ಠಾಣೆಯಲ್ಲಿ ಸಂಶೋಧನಾ ಕೇಂದ್ರ. ಚರ್ಚ್‌ಗೇಟಿನ ಸಿಮೆಂಟ್ ಹೌಸ್‌ನಲ್ಲಿ ಕೂತು ದೇಶದ ಉದ್ದಗಲಕ್ಕೂ ಕಾರ್ಖಾನೆ ನಡೆಸೋ ಎಂಜಿನಿಯರಿಂಗ್ ತಂಡ ಬೆಳೀತು. ಸರ್ಕಾರಿ ಅಲ್ಲದಿದ್ದರೂ ಎಸಿಸಿಯನ್ನ ರಾಷ್ಟ್ರೀಯ ಕಂಪನಿ ಅಂತ ಕರೆಯೋಕೆ ನನಗೆ ಸಂಕೋಚ ಇಲ್ಲ, ಈ ಕಾರಣಕ್ಕೆ.

ಈಗ 1956ಕ್ಕೆ ಬನ್ನಿ. ಇಡೀ ಕಥೆಯ ತಿರುವು ಇಲ್ಲಿದೆ. ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಸಿಮೆಂಟ್ ಹಂಚಿಕೆಯನ್ನ ವಹಿಸಿಕೊಂಡಿತು. ದೇಶದ ಯಾವ ರೈಲ್ವೆ ಸ್ಟೇಷನ್ನಿನಲ್ಲಿ ಇಳಿಸಿಕೊಂಡರೂ ಸಿಮೆಂಟಿಗೆ ಒಂದೇ ಬೆಲೆ ಅನ್ನೋ ವ್ಯವಸ್ಥೆ ಬಂತು. ಸಾಗಣೆ ಖರ್ಚನ್ನೆಲ್ಲ ಒಂದು ಹುಂಡಿಗೆ ಹಾಕಿ ಎಲ್ಲರ ಮೇಲೂ ಸಮನಾಗಿ ಹಂಚೋದು. ಕಾರ್ಖಾನೆಗೆ ಅದರ ಖರ್ಚು ನೋಡಿ ಸರ್ಕಾರ ಗೊತ್ತುಮಾಡಿದ ಬೆಲೆ.

ಆಲೋಚನೆ ಒಳ್ಳೇದೇ. ಅಸ್ಸಾಮಿನ ಶಾಲೆಗೂ, ಕಾಶ್ಮೀರದ ಸೇತುವೆಗೂ ಸಿಮೆಂಟ್ ಕೈಗೆಟುಕಬೇಕು. ಆದರೆ ದಿನ್‌ಶಾ ಯಾವ ಲೆಕ್ಕದ ಮೇಲೆ ಹತ್ತು ಕಂಪನಿ ಒಂದು ಮಾಡಿದರೋ ಆ ಲೆಕ್ಕವನ್ನೇ ಈ ಆದೇಶ ಅಳಿಸಿಹಾಕಿತು. ಕಾಗದದ ಮೇಲೆ ದೂರ ಮಾಯ ಆಯ್ತು, ರೈಲು ಹಳಿ ಮೇಲೆ ಇದ್ದೇ ಇತ್ತು. ಶಹಾಬಾದಿನಲ್ಲಿ ಕೊಂಡರೂ ಅಷ್ಟೇ, ಗುವಾಹಟಿಯಲ್ಲಿ ಕೊಂಡರೂ ಅಷ್ಟೇ. ಕಲ್ಲಿನ ಮೇಲೆ ಕೂತಿರೋ ನಮ್ಮ ಜಿಲ್ಲೆಗೆ ಆ ಕಲ್ಲಿನಿಂದ ಸಿಗಬೇಕಾದ ಒಂದೇ ಸಹಜ ಲಾಭ, ಹತ್ತಿರ ಇರೋದರ ಲಾಭ, ಅದೂ ಹೋಯ್ತು. ಗಣಿಯ ದೂಳು ಮಾತ್ರ ಸಮನಾಗಿ ಹಂಚಿಕೆ ಆಗಲಿಲ್ಲ.

ಇನ್ನೊಂದು ಪರಿಣಾಮ ಎಲ್ಲರ ಮನೆಗೂ ತಟ್ಟಿತು. ಸರ್ಕಾರ ಕಟ್ಟಿದ ಬೆಲೆಯಲ್ಲಿ ಹೊಸ ಕಾರ್ಖಾನೆ ಹಾಕಿದರೆ ಲಾಭ ಇಲ್ಲ ಅಂತ ಖಾಸಗಿಯವರು ಹಿಂದೇಟು ಹಾಕಿದರು. ನಡುವೆ 1966ರಲ್ಲಿ ಎರಡು ವರ್ಷ ನಿಯಂತ್ರಣ ಸಡಿಲಿಸಿ ನೋಡಿದರು, 1968ಕ್ಕೆ ವಾಪಸ್. ವಾಡಿಯಲ್ಲಿ ಎಸಿಸಿ ಕಾರ್ಖಾನೆ ಬಂದದ್ದೂ 1968ರಲ್ಲೇ. ಆದರೂ ದೇಶಕ್ಕೆ ಸಾಲಲಿಲ್ಲ. ಸಿಮೆಂಟಿಗೆ ಪರ್ಮಿಟ್ ಬಂತು. ನಮ್ಮ ಅಪ್ಪ-ಅಮ್ಮನ ತಲೆಮಾರಿನವರನ್ನ ಕೇಳಿ: ಮನೆ ಕಟ್ಟೋಕೆ ಇಷ್ಟು ಚೀಲ ಅಂತ ಅರ್ಜಿ ಹಾಕಿ ಕಾಯೋದು, ಸಿಗದೇ ಹೋದರೆ ಬ್ಲ್ಯಾಕ್‌ನಲ್ಲಿ ತರೋದು, ತಂದದ್ದರಲ್ಲಿ ಬೂದಿ ಬೆರೆಸಿರ್ತಾರೇನೋ ಅಂತ ಹೆದರೋದು. ಪರ್ಮಿಟ್ ಕೊಡೋ ಕೈಗೆ ಬೆಲೆ ಬಂದೇ ಬರುತ್ತೆ. ಮಹಾರಾಷ್ಟ್ರದ ಮುಖ್ಯಮಂತ್ರಿ ಎ. ಆರ್. ಅಂತುಲೆ ಕುರ್ಚಿ ಬಿಟ್ಟದ್ದು ಇದೇ ವಿಷಯಕ್ಕೆ. ಬಿಲ್ಡರುಗಳಿಗೆ ಸಿಮೆಂಟ್ ಹಂಚಿದ್ದಕ್ಕೂ ಅವರ ಟ್ರಸ್ಟ್‌ಗೆ ಬಂದ ದೇಣಿಗೆಗೂ ನಂಟಿತ್ತು ಅಂತ ಬಾಂಬೆ ಹೈಕೋರ್ಟ್ ತೀರ್ಪು ಕೊಟ್ಟ ಮೇಲೆ 1982ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಬೂದು ಪುಡಿಗೆ ಒಂದು ರಾಜ್ಯದ ಮುಖ್ಯಮಂತ್ರಿಯನ್ನ ಇಳಿಸೋ ಶಕ್ತಿ ಇತ್ತು ಅಂದ್ರೆ ಅಭಾವ ಎಷ್ಟಿತ್ತು ಅಂತ ಊಹಿಸಿ.

ಈ ಅಭಾವದ ನಡುವೆ ಹುಟ್ಟಿದ್ದು ಸಿಮೆಂಟ್ ಕಾರ್ಪೊರೇಷನ್ ಆಫ್ ಇಂಡಿಯಾ, ಸಿಸಿಐ. 1965ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿತು. ಸುಣ್ಣದಕಲ್ಲು ಎಲ್ಲೆಲ್ಲಿದೆ ಹುಡುಕೋದು, ಖಾಸಗಿಯವರು ಹೋಗದ ಕಡೆ ಕಾರ್ಖಾನೆ ಹಾಕೋದು. ಮೊದಲನೇದು ಮಾಂಢರ್, ಈಗಿನ ಛತ್ತೀಸಗಢದಲ್ಲಿ. ಎರಡನೇದು 1972ರಲ್ಲಿ ನಮ್ಮ ಕುರಕುಂಟಾ, ವರ್ಷಕ್ಕೆ ಸುಮಾರು 2 ಲಕ್ಷ ಟನ್. ಆಮೇಲೆ ಅಸ್ಸಾಮಿನ ಬೋಕಾಜಾನ್, ಹಿಮಾಚಲದ ರಾಜಬನ್, ಮಧ್ಯಪ್ರದೇಶದ ನಯಾಗಾಂವ್, ಆಂಧ್ರದ ಯರ್ರಗುಂಟ್ಲ, ಆದಿಲಾಬಾದ್. ಮುಳುಗುತ್ತಿದ್ದ ಚರ್ಖಿ ದಾದ್ರಿಯ ಹಳೇ ದಾಲ್ಮಿಯಾ ಕಾರ್ಖಾನೆಯನ್ನೂ 1981ರಲ್ಲಿ ಇದರ ಹೆಗಲಿಗೆ ಹಾಕಿದರು. 1987ರಲ್ಲಿ ತಾಂಡೂರು, ವರ್ಷಕ್ಕೆ 10 ಲಕ್ಷ ಟನ್, ಎಲ್ಲಕ್ಕಿಂತ ದೊಡ್ಡದು.

ನಕ್ಷೆಯ ಮೇಲೆ ಚುಕ್ಕಿ ಇಟ್ಟು ನೋಡಿ. ಸಿಸಿಐ ಇಡೀ ದೇಶ ಮುಟ್ಟಿದೆ. ಎಸಿಸಿಯೂ ಮುಟ್ಟಿದೆ. ಆದರೆ ಎಸಿಸಿಯ ಚುಕ್ಕಿಗಳು ಪೇಟೆಯನ್ನ, ರೈಲನ್ನ ಲೆಕ್ಕ ಹಾಕಿ ಇಟ್ಟದ್ದು. ಸಿಸಿಐಯವು ಅಭಾವ ಇದ್ದ ಕಡೆ, ಹಿಂದುಳಿದ ಕಡೆ, ಕೆಲವು ರಾಜಕೀಯ ಲೆಕ್ಕದಲ್ಲಿ ಇಟ್ಟದ್ದು. ಒಂದೇ ಬೆಲೆ, ಒಂದೇ ಹುಂಡಿ ಇರೋವರೆಗೆ ಈ ಎರಡರ ನಡುವೆ ವ್ಯತ್ಯಾಸ ಯಾರಿಗೂ ಕಾಣಲಿಲ್ಲ. ಹುಂಡಿ ತೆಗೆದ ದಿನ ಕಂಡಿತು.

1982ರ ಫೆಬ್ರವರಿ ಕೊನೆಗೆ ಸರ್ಕಾರ ಮೂರರಲ್ಲಿ ಒಂದು ಪಾಲು ಸಿಮೆಂಟನ್ನ ಮುಕ್ತ ಮಾರುಕಟ್ಟೆಗೆ ಬಿಟ್ಟಿತು. ಪರಿಣಾಮ ನಮ್ಮ ಜಿಲ್ಲೆಯಲ್ಲೇ ನೋಡಬಹುದು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅದೇ ಮಳಖೇಡ. ಅಲ್ಲಿ 1984ರಲ್ಲಿ ಬಿರ್ಲಾದವರ ರಾಜಶ್ರೀ ಸಿಮೆಂಟ್ ಬಂತು. ಸೇಡಂನಲ್ಲಿ ವಾಸವದತ್ತಾ ಬಂತು. ಹೊಸ ಒಣ ವಿಧಾನದ ಯಂತ್ರಗಳು, ಕಲ್ಲಿದ್ದಲು ಕಡಿಮೆ ಬೇಕು, ಒಂದೊಂದು ಗೂಡೂ ದೊಡ್ಡದು. 1989ರ ಮಾರ್ಚ್ 1ಕ್ಕೆ ನಿಯಂತ್ರಣ ಪೂರ್ತಿ ಹೋಯ್ತು. ದೂರಕ್ಕೆ ಮತ್ತೆ ಬೆಲೆ ಬಂತು.

ಕುರಕುಂಟಾ ಏನು ಮಾಡಬೇಕಿತ್ತು? ಜಾಗ ಚೆನ್ನಾಗಿದೆ, ಕಲ್ಲು ಚೆನ್ನಾಗಿದೆ. ಆದರೆ 2 ಲಕ್ಷ ಟನ್ನಿನ ಹಳೇ ಕಾರ್ಖಾನೆ, ಪಕ್ಕದಲ್ಲಿ ಹತ್ತು ಲಕ್ಷದ ಲೆಕ್ಕದಲ್ಲಿ ತೆಗೆಯೋ ಹೊಸಬರು. ದೊಡ್ಡದು ಮಾಡೋಕೆ ಬಂಡವಾಳ ಬೇಕು. ದೆಹಲಿಯಲ್ಲಿ ಕೂತ ಸಿಸಿಐ ಹತ್ತಿರ ದುಡ್ಡಿಲ್ಲ. ಇದ್ದ ದುಡ್ಡು ಪೇಟೆಯಿಂದ ದೂರ ಇದ್ದ, ಕರೆಂಟಿಲ್ಲದೆ ನಿಂತ, ನಷ್ಟದ ಬೇರೆ ಕಾರ್ಖಾನೆಗಳಿಗೇ ಸಾಲ್ತಿರಲಿಲ್ಲ. ಕೆಟ್ಟ ಜಾಗದಲ್ಲಿದ್ದ ಕಾರ್ಖಾನೆ ಒಳ್ಳೇ ಜಾಗದಲ್ಲಿದ್ದದ್ದನ್ನೂ ಎಳ್ಕೊಂಡು ಮುಳುಗಿತು. 1996ರಲ್ಲಿ ಸಿಸಿಐಯನ್ನ ರೋಗಗ್ರಸ್ತ ಕಂಪನಿ ಅಂತ ಘೋಷಿಸಿದರು. ಯರ್ರಗುಂಟ್ಲ ಮಾರಾಟ ಆಯ್ತು. ಕುರಕುಂಟಾ 1998ರಲ್ಲಿ ನಿಂತಿತು. 2006ರ ಪುನಶ್ಚೇತನ ಯೋಜನೆಯಲ್ಲಿ ಉಳಿಸೋದು ಅಂತ ಆರಿಸಿದ್ದು ಮೂರನ್ನ: ತಾಂಡೂರು, ಬೋಕಾಜಾನ್, ರಾಜಬನ್. ಇನ್ನೇಳಕ್ಕೆ ಬೀಗ.

ಸರ್ಕಾರಿ ಅಂದಮೇಲೆ ಹಾಗೇ, ಸೋಮಾರಿಗಳು ಅಂತ ನಮ್ಮ ಆಫೀಸ್ ಕ್ಯಾಂಟೀನ್‌ಗಳಲ್ಲಿ ಒಂದೇ ಸಾಲಲ್ಲಿ ಮುಗಿಸ್ತೀವಿ. ನನಗೆ ಅದು ಒಪ್ಪಿಗೆ ಇಲ್ಲ. ಒಂದು ಕೆಲಸಕ್ಕೆ ಅಂತ ಕಟ್ಟಿದ ಸಂಸ್ಥೆಯನ್ನ, ಆ ಕೆಲಸದ ನಿಯಮವನ್ನೇ ರಾತ್ರೋರಾತ್ರಿ ಬದಲಾಯಿಸಿ, ಈಗ ಓಡು ಅಂತ ಹೇಳಿದ್ದು. ಬದಲಾಯಿಸಬೇಕಿತ್ತು, ಅದರಲ್ಲಿ ಅನುಮಾನ ಇಲ್ಲ. ಆದರೆ ಬದಲಾಯಿಸೋ ಮೊದಲು ಹತ್ತರಲ್ಲಿ ಯಾವ ನಾಲ್ಕನ್ನ ಬೆಳೆಸಬೇಕು ಅಂತ ಆರಿಸೋಕೆ ಸಮಯ ಇತ್ತು. 1982ರಿಂದ 1989, ಏಳು ವರ್ಷ. ಆರಿಸಿದ್ದರೆ ಕುರಕುಂಟಾ ಖಂಡಿತ ಅದರಲ್ಲಿರ್ತಿತ್ತು ಅಂತ ನನ್ನ ನಂಬಿಕೆ. ಕಲ್ಲು ಸರಿಯಿಲ್ಲ ಅಂತಾಗಲಿ, ರೈಲು ಇಲ್ಲ ಅಂತಾಗಲಿ ಅದು ಮುಚ್ಚಿದ್ದಲ್ಲ.

ಎಸಿಸಿ ಉಳೀತು, ಬೆಳೀತು, ಆದರೆ ಮಾಲೀಕರು ಬದಲಾಗ್ತಾ ಹೋದರು. ಟಾಟಾದವರ ಪಾಲು ನೂರಕ್ಕೆ ಹದಿನಾಲ್ಕರ ಆಸುಪಾಸು ಇತ್ತು. 1999-2000ರಲ್ಲಿ ಅದನ್ನ ಗುಜರಾತ್ ಅಂಬುಜಾ ಗುಂಪಿಗೆ ಮಾರಿದರು. 2005ರಲ್ಲಿ ಸ್ವಿಟ್ಜರ್ಲೆಂಡಿನ ಹೋಲ್ಸಿಮ್ ಬಂತು. 2006ರಲ್ಲಿ ಹೆಸರು ಅಧಿಕೃತವಾಗಿ ಬರೀ ಎಸಿಸಿ ಲಿಮಿಟೆಡ್ ಆಯ್ತು. ನಾನು ಮೊದಲಿಗೆ ಹೇಳಿದ ಬಹುವಚನ ಅಲ್ಲಿಗೆ ಮುಗೀತು. 2022ರಲ್ಲಿ ಹೋಲ್ಸಿಮ್ ಭಾರತ ಬಿಟ್ಟಾಗ ಅಂಬುಜಾ ಮತ್ತು ಎಸಿಸಿ ಎರಡೂ ಅದಾನಿ ಗುಂಪಿನ ಕೈಗೆ ಬಂದವು. ಇಷ್ಟೆಲ್ಲ ಆದರೂ ವಾಡಿಯ ಗೂಡು ನಿಲ್ಲಲಿಲ್ಲ. 2010ರಲ್ಲಿ ಅಲ್ಲಿ ಹಚ್ಚಿದ ಹೊಸ ಗೂಡು ದಿನಕ್ಕೆ 12,500 ಟನ್ ಕ್ಲಿಂಕರ್ ಸುಡುವಂಥದ್ದು. ಜಗತ್ತಿನ ಅತಿ ದೊಡ್ಡ ಗೂಡುಗಳ ಸಾಲಿಗೆ ಸೇರುತ್ತೆ. ಕುರಕುಂಟಾ ಒಂದು ವರ್ಷದಲ್ಲಿ ಮಾಡ್ತಿದ್ದದ್ದನ್ನ ಅದು ಹದಿನಾರು-ಹದಿನೇಳು ದಿನದಲ್ಲಿ ಸುಡುತ್ತೆ.

ಇಂಥ ಗೂಡಿನ ಮುಂದೆ ಆಳು ಹೆಚ್ಚು ಬೇಡ. ಹಾಗಾಗಿ ಈ ಸೀಮೆಯಿಂದ ಸಿಮೆಂಟ್ ಚೀಲವೂ ಹೊರಡುತ್ತೆ, ಅದನ್ನ ಹೊರೋ ಕೈಯೂ ಹೊರಡುತ್ತೆ. ಕಲಬುರಗಿ, ಯಾದಗಿರಿಯ ತಾಂಡಾ-ಹಳ್ಳಿಗಳಿಂದ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ವರ್ಷಾ ಜನ ಹೋಗ್ತಾರೆ. ಹಿಂಜೆವಾಡಿಯಲ್ಲೋ ಗಚ್ಚಿಬೌಲಿಯಲ್ಲೋ ನಿಮ್ಮ ಅಪಾರ್ಟ್‌ಮೆಂಟಿನ ಸ್ಲ್ಯಾಬ್ ಹಾಕಿದವರನ್ನ ಒಮ್ಮೆ ಕನ್ನಡದಲ್ಲಿ ಮಾತಾಡಿಸಿ ನೋಡಿ. "ಯಾವ್ ಊರ್ ರೀ ನಿಮ್ದು?" ಅಂದ್ರೆ ಸಾಕು. ನನಗೆ ಎರಡು ಸಲ ಚಿತ್ತಾಪುರ ತಾಲೂಕು ಅನ್ನೋ ಉತ್ತರ ಸಿಕ್ಕಿದೆ. ಕಾರ್ಖಾನೆ ಕಾಣೋ ಊರಿನಿಂದ ಬಂದು ಅದೇ ಸಿಮೆಂಟ್ ಕಲಸೋರು.

ಕೊನೆಗೆ ಇತ್ತೀಚಿನ ಸುದ್ದಿಗೆ ಬರ್ತೀನಿ. ತಾಂಡೂರಿನಲ್ಲಿ ಕಾರ್ಖಾನೆ ಇದ್ದ ಪೆನ್ನಾ ಸಿಮೆಂಟನ್ನ 2024ರಲ್ಲಿ ಅಂಬುಜಾ ಕೊಂಡಿತು. ಚಿತ್ತಾಪುರದಲ್ಲಿ ಕಾರ್ಖಾನೆ ಇರೋ ಓರಿಯಂಟ್ ಸಿಮೆಂಟ್ 2025ರಲ್ಲಿ ಅದೇ ಅಂಬುಜಾ ಕೈಗೆ ಹೋಯ್ತು. ಅಂದ್ರೆ ವಾಡಿ, ಚಿತ್ತಾಪುರ, ತಾಂಡೂರು: ಒಂದೇ ರೈಲು ದಾರಿ, ಒಂದೇ ಕಲ್ಲು, ಈಗ ಒಂದೇ ಗುಂಪು. 1936ರಲ್ಲಿ ದಿನ್‌ಶಾ ಹಾಕಿದ್ದ ಲೆಕ್ಕವನ್ನೇ ಯಾರೋ ಮತ್ತೆ ಕ್ಯಾಲ್ಕ್ಯುಲೇಟರಿನಲ್ಲಿ ಒತ್ತಿದ ಹಾಗಿದೆ. ಒಂದೇ ವ್ಯತ್ಯಾಸ, ಆಗ ಇಲ್ಲದ ಒಬ್ಬ ಕಾವಲುಗಾರ ಈಗ ಇದ್ದಾನೆ. 2012ರಲ್ಲಿ ಸ್ಪರ್ಧಾ ಆಯೋಗ, ಕಾಂಪಿಟಿಷನ್ ಕಮಿಷನ್ ಆಫ್ ಇಂಡಿಯಾ, ಒಳಒಪ್ಪಂದ ಮಾಡಿಕೊಂಡು ಬೆಲೆ ಏರಿಸಿದರು ಅಂತ ಎಸಿಸಿ ಸೇರಿ 11 ಸಿಮೆಂಟ್ ಕಂಪನಿಗಳಿಗೆ ಸುಮಾರು 6,300 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿಗಳು ಮೇಲ್ಮನವಿ ಹೋಗಿ, ಕೇಸು ಮತ್ತೆ ಆಯೋಗಕ್ಕೆ ವಾಪಸಾಗಿ, 2016ರಲ್ಲಿ ಮತ್ತೆ ದಂಡ ಬಿದ್ದು, ಅಲ್ಲಿಂದ ಸುಪ್ರೀಂ ಕೋರ್ಟ್‌ವರೆಗೆ ಎಳೆದಾಡಿದರು. ತಮಾಷೆ ಅಂದ್ರೆ ಈ ಆಯೋಗದ ಚಿಕ್ಕ ಹೆಸರೂ ಸಿಸಿಐ. ಕುರಕುಂಟಾ ಮುಚ್ಚಿದ್ದು ಒಂದು ಸಿಸಿಐ, ದಂಡ ಹಾಕಿದ್ದು ಇನ್ನೊಂದು.

ಮುಂದಿನ ಮಾತು ಭದ್ರಾವತಿ ಬಗ್ಗೆ. ಅಲ್ಲೂ ಒಂದು ಸರ್ಕಾರಿ ಸಿಮೆಂಟ್ ಗೂಡು ಇತ್ತು, ಆದರೆ ಅದರ ಹಿಂದಿದ್ದ ಸರ್ಕಾರ ಮೈಸೂರು ಮಹಾರಾಜರದ್ದು.